ರಸ್ತೆ ಬದಿ ನಿಲ್ಲಿಸುವ ಜೆಡ್4ಗೆ ಗೀರು ಬೀಳದಂತೆ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಮಲ್ಲೇಶ್ವರದ ಬಾಡಿಗೆಮನೆ:
ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಜೆಡ್4 ತಗೊಂಡೆ. 2011ರ ಗಾಡಿ, ಬಿಳಿ ಬಣ್ಣ, ಟಾಪ್ ಮಡಚಿ ಡಿಕ್ಕಿಯೊಳಗೆ ಹೋಗುವ ಮಾಡೆಲ್. ಗೇಟಿನೊಳಗೆ ಜಾಗ ಇಲ್ಲ, ರಸ್ತೆ ಬದಿಯಲ್ಲೇ ನಿಲ್ಲಬೇಕು. ಇಷ್ಟರಲ್ಲೇ ಕಾಲೇಜು ಹುಡುಗರು ಬಾನೆಟ್ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಯಾರೋ ಧೂಳಿನಲ್ಲಿ ಹೃದಯ ಬರೆದು ಬಾಣ ಬಿಟ್ಟರು. ಮೊನ್ನೆ ಡ್ರೈವರ್ ಕಡೆ ಬಾಗಿಲಿಗೆ ಒಂದು ಮೊಳ ಗೀರು, ಕೀಲಿಯಲ್ಲಿ ಎಳೆದದ್ದು. ಕವರ್, ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್), ಕ್ಯಾಮೆರಾ, ಯಾವುದು? ಬಜೆಟ್ 50 ಸಾವಿರ.

ವಿ8 ಜಯನಗರ:
ಪಿಪಿಎಫ್. ಬೇರೆ ಮಾತೇ ಇಲ್ಲ. ನನ್ನದು ಮಸ್ಟಾಂಗ್ ಜಿಟಿ, ಐದು ಲೀಟರ್ ಇಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮುಂದಿನ ಬೀದಿಯ ಪಾರಿವಾಳ ಏಳುತ್ತವೆ, ಇನ್ನು ಜನ ಸುಮ್ನಿರ್ತಾರಾ? 2021ರಲ್ಲಿ ಪೂರ್ತಿ ಗಾಡಿಗೆ ಹಾಕಿಸಿದೆ. ಫಿಲ್ಮು, ಕೂಲಿ ಸೇರಿ 1,72,000. ಜಿಎಸ್‌ಟಿ 30,960. ಒಟ್ಟು 2,02,960. ಐದು ದಿನ ಅಂದವರು ಹನ್ನೊಂದು ದಿನ ಇಟ್ಟುಕೊಂಡರು. ಮನೆಗೆ ತಂದು ನೋಡಿದರೆ ಬಂಪರ್ ಮೂಲೆಯಲ್ಲಿ ಗುಳ್ಳೆ. ಮತ್ತೆ ಎರಡು ದಿನ.

2023ರಲ್ಲಿ ಎಡಗಡೆ ಉದ್ದಕ್ಕೂ ಕೀಲಿ ಎಳೆದರು. ಫಿಲ್ಮ್ ಹರಿಯಿತು, ಬಣ್ಣ ಉಳಿಯಿತು. ಬಾಗಿಲ ಹಿಡಿ ಹತ್ತಿರ ಅಕ್ಕಿಕಾಳಿನಷ್ಟು ಮಾತ್ರ ಹೋಗಿದೆ. ಎರಡು ಪ್ಯಾನೆಲ್ ಬದಲಿಸಲು 31,500. ಇನ್ಶೂರೆನ್ಸ್ ಕ್ಲೇಮ್ ಮಾಡಲಿಲ್ಲ. ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ 50 ಪರ್ಸೆಂಟ್ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಒಂದು ಗೀರಿಗೆ ಸೊನ್ನೆ ಮಾಡಿಕೊಳ್ಳುವ ಹುಚ್ಚು ನನಗಿಲ್ಲ. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ) ಇದ್ದರೆ ಬೋನಸ್ ಉಳಿಯುತ್ತದೆ ಅಂತ ಏಜೆಂಟರು ಹೇಳುತ್ತಾರೆ, ನಂಬಬೇಡಿ, ಅದು ಬೇರೆ ಇದು ಬೇರೆ. 50 ಸಾವಿರದೊಳಗೆ ಸೆರಾಮಿಕ್ ಕೋಟಿಂಗ್ ಮಾಡಿಕೊಡ್ತೀವಿ ಅಂತಲೂ ಬರುತ್ತಾರೆ. ಅದು ಹೊಳಪಿಗೆ. ಕೀಲಿಗೆ ಅದು ಲೆಕ್ಕಕ್ಕೇ ಇಲ್ಲ.

ತಾಡಪಾಲು:
ಎರಡು ಲಕ್ಷದ ಪ್ಲಾಸ್ಟಿಕ್ ಸುತ್ತಿಸಿ, ಆಮೇಲೂ ಗೀರು ಬಿದ್ದು, ಮತ್ತೆ 31 ಸಾವಿರ ಕೊಟ್ಟು ಬಂದವರು ಬುದ್ಧಿ ಹೇಳುತ್ತಿದ್ದಾರೆ, ಚೆನ್ನಾಗಿದೆ.

ಕಣ್ಣಿಗೆ ಬೀಳದ ಗಾಡಿಯನ್ನು ಯಾರೂ ಗೀರಲ್ಲ. ನನ್ನದು ಹಳೇ ಪೋರ್ಷೆ ಬಾಕ್ಸ್‌ಸ್ಟರ್, ಬಟ್ಟೆ ಟಾಪು. ಬಸವೇಶ್ವರನಗರದಲ್ಲಿ ಮಳೆಮರದ ಕೆಳಗೆ ನಿಲ್ಲುತ್ತದೆ. ಮೊದಲು 2,400 ರೂಪಾಯಿಯ ಕವರ್ ತಂದೆ. ಗಾಳಿಗೆ ಪಟಪಟ ಹೊಡೆದು, ಒಳಗೆ ಸೇರಿದ ಧೂಳು ಉಪ್ಪುಕಾಗದದ ಹಾಗೆ ಉಜ್ಜಿ, ಹಿಂದಿನ ಎರಡೂ ಫೆಂಡರ್ ಮಂಕಾದವು. ರಬ್ಬಿಂಗ್ ಪಾಲಿಶಿಗೆ 9,000. ಆಮೇಲೆ ಅಳತೆ ಕೊಟ್ಟು ಹೊಲಿಸಿದ, ಒಳಗೆ ಮೆತ್ತನೆ ಬಟ್ಟೆ ಇರುವ ಕವರ್, 14,500. ಅದರ ಮೇಲೆ ಕಟ್ಟಡದ ಕೆಲಸದವರು ಬಿಟ್ಟುಹೋದ ಹರಿದ ನೀಲಿ ತಾಡಪಾಲು, ತೆಂಗಿನ ಹುರಿಯಲ್ಲಿ ಕಟ್ಟಿದ್ದು. ಚಕ್ರದ ಪಕ್ಕ ನಾಲ್ಕು ಮುರುಕು ಇಟ್ಟಿಗೆ. ಯಾರೋ ತಾತನ ಕೆಟ್ಟ ಅಂಬಾಸಿಡರ್ ಇರಬೇಕು ಅನ್ನಿಸಬೇಕು, ಹಾಗೆ.

ಎಂಟು ತಿಂಗಳು ಒಬ್ಬರೂ ತಿರುಗಿ ನೋಡಲಿಲ್ಲ. ಒಂಬತ್ತನೇ ತಿಂಗಳು ವಾರಸುದಾರರಿಲ್ಲದ ವಾಹನ ಅಂತ ತಾಡಪಾಲಿನ ಮೇಲೆ ನೋಟಿಸ್ ಅಂಟಿಸಿ ಹೋದರು! ಆರ್‌ಸಿ ಹಿಡಿದು ಮೂರು ದಿನ ಅಲೆದೆ. ಆ ವರ್ಷದ ದೀಪಾವಳಿಗೆ ಎದುರುಮನೆ ಹುಡುಗನ ರಾಕೆಟ್ ನೇರ ಡಿಕ್ಕಿ ಮೇಲೆ. ತಾಡಪಾಲು ಕರಗಿ ಕವರಿಗೆ, ಕವರ್ ಕರಗಿ ಬಣ್ಣಕ್ಕೆ. ಉಗುರಲ್ಲಿ ಕೆರೆದರೆ ಬಣ್ಣವೂ ಚೂಯಿಂಗ್ ಗಮ್ ಥರ ಎದ್ದು ಬರುತ್ತಿತ್ತು. 26,000. ಶೇಡ್ ಇವತ್ತಿಗೂ ಹೊಂದಿಲ್ಲ. ಆದರೂ ಹೇಳುತ್ತೇನೆ, ಕವರೇ ಸರಿ.

ವಿ8 ಜಯನಗರ:
2,400, 9,000, 14,500, 26,000. ಕೂಡಿಸಿ ಸ್ವಾಮಿ. 51,900. ಜೊತೆಗೆ ಶೇಡೂ ಹೊಂದಿಲ್ಲ. ಇಷ್ಟಕ್ಕೆ ಮುಂಭಾಗಕ್ಕಾದರೂ ಪಿಪಿಎಫ್ ಆಗುತ್ತಿತ್ತು.

ತಾಡಪಾಲು:
ರಾಕೆಟ್‌ಗೆ ನಿಮ್ಮ ಫಿಲ್ಮ್ ಏನು ಆರತಿ ಎತ್ತುತ್ತಿತ್ತಾ?

ಹುಬ್ಬಳ್ಳಿ ಸ್ಟಾರ್ಮ್:
ಬಿಎಂಡಬ್ಲ್ಯೂ, ಮಸ್ಟಾಂಗ್ ಎಲ್ಲ ಇರಲಿ ಬಿಡ್ರಿ. ನನ್ನ ಹತ್ತಿರ ಸ್ಯಾನ್ ಸ್ಟಾರ್ಮ್ ಇದೆ. ಗೋವಾದಲ್ಲಿ ತಯಾರಾದದ್ದು, ಎರಡೇ ಸೀಟು, ರೆನೋದ 1.2 ಲೀಟರ್ ಇಂಜಿನ್. ಆಲ್ಟೋ ಕೂಡ ಓವರ್‌ಟೇಕ್ ಮಾಡುತ್ತದೆ, ಆದರೆ ಮಾಡಿದವನು ಕತ್ತು ತಿರುಗಿಸಿ ನೋಡುತ್ತಾನೆ.

ಇದರ ಬಾಡಿ ಫೈಬರ್. ತಗಡಿನ ಹಾಗೆ ನೆಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಟಿಂಕರಿಂಗ್ ಅಂಗಡಿಯವರು ಮುಟ್ಟಿ ನೋಡಿ ಕೈ ಮುಗಿದು ಕಳಿಸುತ್ತಾರೆ. ಕೊನೆಗೆ ಮಾಡಿಕೊಟ್ಟವನು ನೀರಿನ ಟ್ಯಾಂಕ್ ರಿಪೇರಿ ಮಾಡುವವನು. ಅದಕ್ಕೇ ನಾನು ಫಿಲ್ಮು, ಕವರು ಏನೂ ಹಾಕಿಲ್ಲ. ಓಣಿಯವರನ್ನು ಹಚ್ಚಿಕೊಂಡಿದ್ದೇನೆ. ಪ್ರತಿ ಭಾನುವಾರ ಇಬ್ಬರು ಹುಡುಗರಿಗೆ ಒಂದು ಸುತ್ತು, ಪಾಳಿ ಪ್ರಕಾರ. ಯಾರಾದರೂ ಗಾಡಿಗೆ ಕೈ ಹಚ್ಚಿದರೆ ಆ ಹುಡುಗರೇ ಓಡಿಸುತ್ತಾರೆ. ಖರ್ಚು ಪೆಟ್ರೋಲು, ಮಂಡಕ್ಕಿ, ಮಿರ್ಚಿ.

ಹಾನಿ ಮಾಡಿದ್ದು ದ್ವೇಷಿಗಳಲ್ಲ, ಅಭಿಮಾನಿ. ಮದುವೆ ಮನೆ ಮುಂದೆ ದಪ್ಪಗಿನ ಹಿರಿಯರೊಬ್ಬರು 'ನಮ್ಮ ದೇಶದ್ದಾ ಇದು!' ಅಂತ ಸಂತೋಷದಿಂದ ಹಿಂದೆ ಒರಗಿದರು. ಚಟ್ ಅಂತು. ಟೈಲ್ ಲ್ಯಾಂಪ್ ಹೋಯಿತು, ಸುತ್ತ ಗೇಣುದ್ದ ಬಿರುಕು. ಬೈಯುವುದಾದರೂ ಹೇಗೆ, ಅವರು ಬೀಗರ ಕಡೆಯವರು.

ಕಾಲ್ನಡಿಗೆ:
ಗೀರುವುದು ತಪ್ಪು, ಒಪ್ಪುತ್ತೇನೆ. ಆದರೆ ರಸ್ತೆ ನಿಮ್ಮ ಗ್ಯಾರೇಜಾ? ನಮ್ಮ ಗೇಟಿನ ಎದುರು ಹೀಗೇ ಒಂದು ಕೆಂಪು ಗಾಡಿ ನಿಲ್ಲುತ್ತಿತ್ತು. ನಮ್ಮಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಆಟೋ ಗೇಟಿನ ಹತ್ತಿರ ಬರುವ ಹಾಗಿರಲಿಲ್ಲ. ಮೂರು ಸಲ ಚೀಟಿ ಸಿಕ್ಕಿಸಿದೆ. ನಾಲ್ಕನೇ ಸಲ ಟೈರಿನ ಗಾಳಿ ಬಿಟ್ಟೆ. ಹೌದು, ನಾನೇ. ಜಾಗ ಇಲ್ಲದವರು ಕಾರ್ ಯಾಕೆ ತಗೋಬೇಕು?

ವಿ8 ಜಯನಗರ:
ಇಂಥವರಿಂದಲೇ ನಮಗೆ ಈ ಗತಿ. ರೋಡ್ ಟ್ಯಾಕ್ಸ್ ಎಷ್ಟು ಕಟ್ಟುತ್ತೇವೆ ಗೊತ್ತಾ? 20 ಲಕ್ಷ ದಾಟಿದರೆ 18 ಪರ್ಸೆಂಟ್, ಮೇಲೆ ಸೆಸ್.

ತಾಡಪಾಲು:
ನಿಮ್ಮ ಗಾಡಿ ಫೋಟೋ ನೋಡಿದ್ದೇನೆ ಸಾರ್. ನಂಬರ್ ಪ್ಲೇಟ್ ಪುದುಚೇರಿದು. 18 ಪರ್ಸೆಂಟ್ ಎಲ್ಲಿ ಕಟ್ಟಿದಿರಿ, ಸ್ವಲ್ಪ ಹೇಳಿ.

ವಿ8 ಜಯನಗರ:
ಅದು ಮೊದಲ ಓನರ್ ಮಾಡಿದ್ದು. ವರ್ಗಾವಣೆ ನಡೀತಾ ಇದೆ.

ತಾಡಪಾಲು:
2021ರಿಂದಲಾ?

ಕದ್ರಿ ಟಿಟಿ:
ಎಂತ ಮಾರಾಯ್ರೇ, ಅವರು ಕೇಳಿದ್ದು ಎಂತ, ನೀವು ಮಾತಾಡುವುದು ಎಂತ. ನನ್ನದು ಆಡಿ ಟಿಟಿ, ಮಂಗಳೂರಿನಲ್ಲಿ. ನನಗೆ ಹೊರಗಿನವರಿಂದ ಏನೂ ಆಗಲಿಲ್ಲ, ಆದದ್ದು ನಮ್ಮತ್ತೆಯಿಂದ. ದೃಷ್ಟಿ ಆಗುತ್ತದೆ ಅಂತ ಆಯುಧಪೂಜೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಬಂಪರಿನ ಎದುರಿಗೇ ಒಡೆಸಿದರು. ಬಿಳಿ ಬಣ್ಣದ ಮೇಲೆ ಕೆಂಪು ನೀರು ಹಾರಿತು. ಅವತ್ತೇ ತೊಳೆಯಬಾರದಂತೆ. ಮರುದಿನ ತೊಳೆದರೆ ತಿಳಿ ಗುಲಾಬಿ ಚುಕ್ಕಿ, ಹತ್ತು ಹದಿನೈದು. ಪಾಲಿಶ್‌ನವನಿಗೆ 4,500. ನಿಮ್ಮದೂ ಬಿಳಿ ಅಲ್ವಾ, ಜಾಗ್ರತೆ. ಕುಂಕುಮ ಹಚ್ಚುವುದಾದರೆ ಗಾಜಿಗೆ ಹಚ್ಚಿ.

ಹುಬ್ಬಳ್ಳಿ ಸ್ಟಾರ್ಮ್:
ಅತ್ತೆಯವರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನದಕ್ಕೂ ಪ್ರತಿ ವರ್ಷ ಒಡೆಸುತ್ತೇನೆ.

ಕದ್ರಿ ಟಿಟಿ:
ಟೈಲ್ ಲ್ಯಾಂಪ್ ಹೋದದ್ದು ಒಡೆಸಿದ ಮೇಲೆಯಾ, ಮೊದಲಾ?

ಮಲ್ಲೇಶ್ವರದ ಬಾಡಿಗೆಮನೆ:
ಠಾಣೆಗೆ ಹೋಗಿ ಬಂದೆ. ಆಸ್ತಿ ಹಾಳು ಮಾಡಿದ್ದಕ್ಕೆ ಹಿಂದೆ ಐಪಿಸಿ 427 ಅಂತಿದ್ದದ್ದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 324 ಆಗಿದೆಯಂತೆ. ಅರ್ಜಿ ತಗೊಂಡು 'ಯಾರ ಮೇಲೆ ಅನುಮಾನ?' ಅಂದರು. ನನಗೆ ಇಲ್ಲಿ ಇನ್ನೂ ಯಾರ ಪರಿಚಯವೂ ಇಲ್ಲ, ಯಾರ ಹೆಸರು ಹೇಳಲಿ? ಡ್ಯಾಶ್‌ಕ್ಯಾಮ್ (ಗಾಡಿಯೊಳಗೆ ಕೂರಿಸುವ ಕ್ಯಾಮೆರಾ) ಪಾರ್ಕಿಂಗ್ ಮೋಡಿನಲ್ಲಿ, ಅಂದರೆ ಗಾಡಿ ನಿಂತಾಗಲೂ ಓಡುವ ಹಾಗೆ, ಇಟ್ಟರೆ ರಾತ್ರಿ ಮುಖ ಕಾಣುತ್ತದಾ?

ವಿ8 ಜಯನಗರ:
ಮುಖ ಕಾಣಲ್ಲ, ಸೊಂಟ ಕಾಣುತ್ತದೆ. ನನ್ನ ಹತ್ತಿರ ಕೀಲಿ ಎಳೆದವನ ಬೆಲ್ಟಿನ ವಿಡಿಯೋ ಇದೆ, 14 ಸೆಕೆಂಡು. ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಕ್ಯಾಮೆರಾ ಓಡಿ ಓಡಿ ಗಾಡಿ ಬ್ಯಾಟರಿ ಕೂತುಹೋಗಿತ್ತು. ಹೊಸದಕ್ಕೆ 21,800.

ಕಾಲ್ನಡಿಗೆ:
ಮಲ್ಲೇಶ್ವರದವರೇ, ನಿಮ್ಮ ಗಾಡಿ ಯಾರದಾದರೂ ಗೇಟಿಗೆ ಅಡ್ಡ ಇದೆಯಾ? ಅದನ್ನು ಮೊದಲು ನೋಡಿ.

ಮಲ್ಲೇಶ್ವರದ ಬಾಡಿಗೆಮನೆ:
ಪೂರ್ತಿ ಅಡ್ಡ ಇಲ್ಲ. ಒಂದು ಅಡಿ ಇರಬಹುದು. ಸ್ಕೂಟರ್ ಹೋಗುತ್ತದೆ.

ಕಾಲ್ನಡಿಗೆ:
ಓಹೋ.

ತಾಡಪಾಲು:
ಒಂದು ಅಡಿಗೆ ಒಂದು ಮೊಳ ಗೀರಾ? ಹೀಗೆ ಸಮರ್ಥನೆ ಮಾಡುವವರ ಮನೆ ಗೇಟಿಗೆ ನಾನು ಪೇಂಟ್ ಎರಚಿದರೆ ಸುಮ್ನಿರ್ತೀರಾ?

ಕಾಲ್ನಡಿಗೆ:
ಬನ್ನಿ, ಎರಚಿ. ನಮ್ಮಲ್ಲಿ ಕ್ಯಾಮೆರಾ ಇದೆ, ಸೊಂಟದ್ದಲ್ಲ.

ಹುಬ್ಬಳ್ಳಿ ಸ್ಟಾರ್ಮ್:
ಜಗಳ ನಡೆಯಲಿ. ನಡುವೆ ಒಂದು ಮಾತು. ಗೋವಾ ಕಡೆ ಅಥವಾ ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಸ್ಟಾರ್ಮ್‌ನ ಎಡಗಡೆ ಟೈಲ್ ಲ್ಯಾಂಪ್ ಇದ್ದರೆ ಹೇಳ್ರಿ. ಗಾಜು ಒಡೆದಿದ್ದರೂ ಪರವಾಗಿಲ್ಲ, ಹೋಲ್ಡರ್ ಸರಿ ಇದ್ದರೆ ಸಾಕು.