ನಿರ್ವಹಣಾ ಶುಲ್ಕದಿಂದ ಹಬ್ಬದ ವೆಚ್ಚ ಭರಿಸಬಹುದೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ 64 ಮನೆಯವರು ತಿಂಗಳು ತಿಂಗಳು ಕಟ್ಟುವ ನಿರ್ವಹಣಾ ಶುಲ್ಕದಿಂದಲೇ ಸಮಿತಿಯು ಗಣೇಶೋತ್ಸವದ ಶಾಮಿಯಾನ ಮತ್ತು ಊಟದ ವೆಚ್ಚವನ್ನು ಭರಿಸಿದ್ದು, ಈಗ ಲಿಫ್ಟ್ ದುರಸ್ತಿಗೆ ಹಣವಿಲ್ಲ ಎನ್ನುತ್ತಿದೆ. ಇದು ಕ್ರಮವೇ? ಶುಲ್ಕವನ್ನು ತಡೆಹಿಡಿಯಬಹುದೇ?

ಉತ್ತರ 1: ನಿಮ್ಮ ಸಂಘವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ರಚನೆಯಾಗಿದ್ದರೆ, ಸಾಮಾನ್ಯ ವೆಚ್ಚವೆಂದರೆ ಮುಖ್ಯವಾಗಿ ಲಿಫ್ಟ್, ಪಂಪು, ಸಂಪು, ಮೆಟ್ಟಿಲು ಮೊದಲಾದ ಸಾಮಾನ್ಯ ಸೌಕರ್ಯಗಳ ಆಡಳಿತ, ನಿರ್ವಹಣೆ, ದುರಸ್ತಿ ಮತ್ತು ಬದಲಾವಣೆಯ ವೆಚ್ಚ. ಆದರೆ ಸಂಘವು ಒಪ್ಪಿಕೊಂಡ ಇತರ ವೆಚ್ಚಗಳೂ ಅದೇ ವ್ಯಾಖ್ಯೆಯೊಳಗೆ ಬರುವುದರಿಂದ, ಸರ್ವಸದಸ್ಯರ ಸಭೆಯ ನಡವಳಿ ಪುಸ್ತಕದಲ್ಲಿ ಹಬ್ಬದ ಬಗ್ಗೆ ನಿರ್ಣಯವಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಸಮಿತಿಯಿಂದ ಲಿಖಿತ ವಿವರಣೆ ಕೇಳಿ.

ಉತ್ತರ 2: ಶುಲ್ಕವನ್ನು ಮಾತ್ರ ದಯವಿಟ್ಟು ತಡೆಹಿಡಿಯಬೇಡಿ. ಕಟ್ಟದೆ ಉಳಿದ ಬಾಕಿಯು ಆ ಮನೆಯ ಮೇಲಿನ ಋಣಭಾರವಾಗುತ್ತದೆ ಎಂದು ಅದೇ ಕಾಯ್ದೆ ಹೇಳುತ್ತದೆ.

ಉತ್ತರ 3: ನಮ್ಮಲ್ಲಿ ಹಬ್ಬಕ್ಕೆ ಸ್ವಇಚ್ಛೆಯ ಚಂದಾ ಎತ್ತಿ, ಅದರ ಜಮಾ-ಖರ್ಚನ್ನು ಬೇರೆ ಪುಸ್ತಕದಲ್ಲಿ ಬರೆದು ಸೂಚನಾ ಫಲಕದಲ್ಲಿ ಹಾಕುತ್ತೇವೆ. ನಾಲ್ಕನೇ ಮಹಡಿಯ ವೃದ್ಧರು ಮೆಟ್ಟಿಲು ಹತ್ತುತ್ತಿರುವಾಗ ಲಿಫ್ಟಿನ ಹಣವನ್ನು ಊಟಕ್ಕೆ ಬಳಸುವುದು, ನಿರ್ಣಯವಿದ್ದರೂ, ನನಗೆ ಸರಿಯೆನಿಸುವುದಿಲ್ಲ.