ಅಪ್‌ಡೇಟ್: ಶಿರಸಿ ಮಳೆಯಲ್ಲೂ ಈಗ ಗೆರೆ ಹರಡ್ತಾ ಇಲ್ಲ

ಹಾಸ್ಯನಾಟಕದ ದೃಶ್ಯಗಳ ಚಿತ್ರವನ್ನು ಪೆನ್ನಲ್ಲಿ ಬರೆದು ಜಲವರ್ಣ ಹಚ್ಚಿದರೆ ಕಪ್ಪು ಗೆರೆ ಹರಡ್ತದೆ ಅಂತ ಕೇಳಿದ್ದೆ. ನಿಮ್ಮ ಸಲಹೆಯಿಂದ ಸರಿಹೋಯ್ತು, ಎಲ್ಲರಿಗೂ ಧನ್ಯವಾದ.

ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಒಣಗಿದ ಮೇಲೂ ನೀರಿಗೆ ಕರಗ್ತದೆ. ಮಳೆಗಾಲದಲ್ಲಿ ಕಾಗದವೂ ತೇವ ಎಳೆದುಕೊಳ್ತದೆ. ಈಗ ವಾಟರ್‌ಪ್ರೂಫ್ ಇಂಡಿಯನ್ ಇಂಕ್, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಬಳಸ್ತಾ ಇದ್ದೇನೆ. ಗೆರೆ ಎಳೆದು ರಾತ್ರಿಯಿಡೀ ಬಿಟ್ಟು ಆಮೇಲೆ ಬಣ್ಣ. ಈ ಇಂಕಿಗೆ ಅದ್ದಿ ಬರೆಯುವ ನಿಬ್ಬೇ ಬೇಕು, ಫೌಂಟನ್ ಪೆನ್ನಿಗೆ ಹಾಕಿದರೆ ಒಳಗೇ ಕಟ್ಟಿಕೊಳ್ತದೆ.

ಫ್ರೆಂಚ್ ನಾಟಕಕಾರ ಮೊಲಿಯೇರನ 'ತಾರ್ತೂಫ್' ಹಾಸ್ಯನಾಟಕದ ನಾಲ್ಕನೇ ಅಂಕದ ಚಿತ್ರವನ್ನೂ ಬದಲಿಸಿದೆ. ಕಪಟ ಭಕ್ತ ತಾರ್ತೂಫನ ಬಣ್ಣ ಬಯಲು ಮಾಡಲು ಎಲ್ಮೀರ್ ತನ್ನ ಗಂಡನನ್ನು ಮೇಜಿನಡಿ ಅಡಗಿಸಿರ್ತಾಳೆ. ಅವಳು ಕೆಮ್ಮಿ ಅವನಿಗೆ ಸೂಚನೆ ಕೊಡುವ ಕ್ಷಣವೇ ಚಿತ್ರಕ್ಕೆ ಸರಿ. ಅಡಗಿದ ಗಂಡ ಓರ್ಗೋನನ ಮುಖ ಬೇಡ. ಮೇಜುಬಟ್ಟೆಯ ಅಂಚು ಹಿಡಿದ ನಾಲ್ಕು ಬೆರಳು ಕಂಡರೆ ನಗು ತಾನಾಗಿ ಬರ್ತದೆ.