ಪದಚರ್ಚೆ: ಶಿಶುವಿಹಾರದ ‘ಲಿಟರಸಿ ಎಜುಕೇಟರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಧಾರವಾಡದಿಂದ, ಪ್ರಶ್ನೆ

ಮಾನ್ಯರೆ,

ಎಲ್‌ಕೆಜಿ, ಯುಕೆಜಿ ಶಿಕ್ಷಕಿಯರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದನ್ನು ಕನ್ನಡಿಸುತ್ತಿದ್ದೇನೆ. ಪದ್ಯ ಹೇಳಿಸಿ, ಆಟವಾಡಿಸಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಕಿಯೊಬ್ಬರು ಕ್ರಮೇಣ ‘ಲಿಟರಸಿ ಎಜುಕೇಟರ್’ ಆಗಿ ಹೇಗೆ ಬೆಳೆಯುತ್ತಾರೆ ಎಂಬುದು ಅದರ ಮೂರನೆಯ ಅಧ್ಯಾಯದ ವಿಷಯ. ‘ಸಾಕ್ಷರತಾ ಶಿಕ್ಷಕಿ’ ಎಂದು ಬರೆದು ನೋಡಿದೆ. ಕರಡು ಓದಿದವರಿಗೆಲ್ಲ ರಾತ್ರಿಶಾಲೆ, ಹೆಬ್ಬೆಟ್ಟು, ಲಾಟೀನು ನೆನಪಾದವೇ ಹೊರತು ನಾಲ್ಕು ವರ್ಷದ ಮಗು ನೆನಪಾಗಲಿಲ್ಲ. ಮಗುವಿನ ಓದುಬರಹದ ಮೊದಲ ನಡೆಗಳನ್ನು ಸೂಚಿಸುವ ‘ಎಮರ್ಜೆಂಟ್ ಲಿಟರಸಿ’ ಎಂಬುದು ಪುಟಪುಟಕ್ಕೂ ಬರುತ್ತದೆ. ಹಿಂದಿನ ಅನುವಾದಕರು ಅದನ್ನು ‘ಉದಯೋನ್ಮುಖ ಸಾಕ್ಷರತೆ’ ಎಂದಿದ್ದಾರೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗಲಿರುವುದರಿಂದ ತಾವು ಬೇಗನೆ ಉತ್ತರಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ರೂಢಿಯಲ್ಲಿರುವ ಪದವನ್ನು ಬಿಡಬೇಕಾದ ಕಾರಣ ಕಾಣುತ್ತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 2021ರ ನಿಪುಣ್ ಭಾರತ್ ಯೋಜನೆಗಳ ನಂತರ ‘ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ’ ಎಂಬುದು ಶಾಲೆಶಾಲೆಗೂ ತಲುಪಿದೆ. ಪದಕ್ಕೆ ಲಾಟೀನಿನ ಮಸಿ ಅಂಟಿದ್ದರೆ ಮಸಿಯನ್ನು ಒರೆಸಬೇಕು, ಪದವನ್ನು ಎಸೆಯಬಾರದು.

ಸಾಗರದಿಂದ

ಎಳೆಯ ಮಕ್ಕಳ ವಿಷಯವನ್ನು ಹೇಳುವಾಗಲೂ ‘ಕ್ಷ’ ಒತ್ತಿ ಹೇಳಬೇಕಾದ ಪದವೇ ಏಕೆ ಬೇಕೋ ತಿಳಿಯದು. ‘ಓದುಬರಹದ ಒಜ್ಜ’ ಎನ್ನಿ. ಅಚ್ಚಗನ್ನಡ, ಎರಡೇ ಪದ. ‘ಬುನಾದಿ’ ಫಾರಸಿಯಿಂದ ಬಂದದ್ದು ಎಂಬುದನ್ನು ಮೈಸೂರಿನವರು ಗಮನಿಸಿದಂತಿಲ್ಲ; ಸಂಸ್ಕೃತದ ಜೊತೆಗಿದ್ದರೆ ಅವರಿಗೆ ಎಲ್ಲವೂ ಸಮ್ಮತವೆಂದು ತೋರುತ್ತದೆ.

ಮೈಸೂರಿನಿಂದ

‘ಓಜ’, ‘ಒಜ್ಜ’ಗಳು ಪ್ರಾಕೃತದ ಮೂಲಕ ಬಂದ ‘ಉಪಾಧ್ಯಾಯ’ದ ತದ್ಭವಗಳು. ಅಚ್ಚಗನ್ನಡವೆಂದು ಇಲ್ಲಿ ನಂಬಿಸುವ ಪ್ರಯತ್ನ ಬೇಡ. ಅದೂ ಅಲ್ಲದೆ, ಬಹುಮಟ್ಟಿಗೆ ಮಹಿಳೆಯರೇ ಇರುವ ಈ ವೃತ್ತಿಗೆ ಪುಲ್ಲಿಂಗದ ಪದವನ್ನು ಸೂಚಿಸುವುದರಲ್ಲಿ ಯಾವ ಔಚಿತ್ಯವಿದೆ?

ಬೆಂಗಳೂರಿನಿಂದ

ಮಕ್ಕಳು ‘ಮಿಸ್’ ಎನ್ನುತ್ತಾರೆ, ತಾಯಂದಿರು ‘ಟೀಚರ್’ ಎನ್ನುತ್ತಾರೆ. ಕೈಪಿಡಿಯನ್ನು ಓದುವವರೂ ಅವರೇ ತಾನೆ? ‘ಟೀಚರ್’ ಎಂದೇ ಬರೆದರೆ ಈ ಜಗಳ ಮುಗಿಯುತ್ತದೆ.

ಪುತ್ತೂರಿನಿಂದ

ಒಜ್ಜನ ಕುಲಗೋತ್ರ ಇತ್ಯರ್ಥವಾಗುವವರೆಗೆ ಅಚ್ಚುಕೂಟ ಕಾಯುವುದಿಲ್ಲವಾದ್ದರಿಂದ, ಅಂಗನವಾಡಿ ಹಾಗೂ ಶಿಶುವಿಹಾರಗಳ ತರಬೇತಿಯಲ್ಲಿ ದುಡಿದ ನಾನು ವಿಷಯಕ್ಕೆ ಮರಳುತ್ತೇನೆ.

‘ಸಾಕ್ಷರತೆ’ ಇಲ್ಲಿ ತೊಡಕಾಗುವುದು ಅದು ಸಂಸ್ಕೃತವೆಂಬ ಕಾರಣಕ್ಕಲ್ಲ. ಅದು ಸ್ಥಿತಿಯೊಂದನ್ನು ಸೂಚಿಸುವ ಪದ. ವ್ಯಕ್ತಿಗೆ ಅಕ್ಷರ ಬರುತ್ತದೆ ಅಥವಾ ಬರುವುದಿಲ್ಲ ಎಂಬಲ್ಲಿಗೆ ಅದರ ಕೆಲಸ ಮುಗಿಯುತ್ತದೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ 15ರಿಂದ 35 ವರ್ಷದವರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಅಲ್ಲಿ ಆ ಪದ ಸರಿಹೊಂದಿತು. ನಾಲ್ಕು ವರ್ಷದ ಮಗುವಾದರೋ ಒಂದಕ್ಷರವನ್ನೂ ಗುರುತಿಸದೆಯೇ ಪುಸ್ತಕವನ್ನು ನೆಟ್ಟಗೆ ಹಿಡಿದು, ಹಾಳೆ ಮಗುಚಿ, ಚಿತ್ರದ ಮೇಲೆ ಬೆರಳಿಟ್ಟು ಕತೆ ಹೇಳುತ್ತದೆ. ತಾನು ಗೀಚಿದ್ದನ್ನು ತೋರಿಸಿ, ಇದು ಅಜ್ಜಿಗೆ ಬರೆದ ಕಾಗದ ಎನ್ನುತ್ತದೆ. ನ್ಯೂಜಿಲೆಂಡಿನ ಮೇರಿ ಕ್ಲೇ 1966ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ‘ಎಮರ್ಜೆಂಟ್’ ಎಂದು ಕರೆದದ್ದು ಓದಿನ ಇಂಥ ಮೊದಲ ನಡೆಗಳನ್ನು. ‘ಉದಯೋನ್ಮುಖ’ ಎಂದೊಡನೆ ಕಣ್ಣಮುಂದೆ ಬರುವವನು ಕವಿ, ಇಲ್ಲವೇ ಕ್ರಿಕೆಟ್ ಆಟಗಾರ. ಅದನ್ನು ದಯವಿಟ್ಟು ಕೈಬಿಡಿ.

ನಮ್ಮ ‘ಬರೆ’ ಧಾತುವನ್ನು ನೋಡಿ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಗುವಿನ ಗೀಚಿಗೂ ಬರಹಕ್ಕೂ ನಡುವೆ ಭಾಷೆಯೇ ಗೋಡೆ ಕಟ್ಟಿಲ್ಲ. ‘ಓದು’ ಎಂಬುದಕ್ಕೂ ಪಠಿಸು ಎಂಬ ಹಳೆಯ ಅರ್ಥವಿರುವುದರಿಂದ, ಬಾಯಿಪಾಠವಾದ ಪದ್ಯವನ್ನು ಪುಸ್ತಕ ಹಿಡಿದು ಒಪ್ಪಿಸುವ ಮಗುವೂ ಅದರೊಳಗೆ ಸೇರುತ್ತದೆ. ಆದ್ದರಿಂದ ‘ಎಳವೆಯ ಓದುಬರಹ’ ಎನ್ನಬಹುದು. ‘ಅಕ್ಷರಪೂರ್ವ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಏಕೆಂದರೆ ಅಂಥ ಗಡಿಯೇ ಇಲ್ಲವೆಂಬುದು ಇಲ್ಲಿನ ಮುಖ್ಯ ವಿಚಾರ. ಕನ್ನಡದ ಮಕ್ಕಳ ಅಕ್ಷರಕಲಿಕೆ ಗುಣಿತ, ಒತ್ತುಗಳೊಡನೆ ನಾಲ್ಕನೆಯ ತರಗತಿಯಲ್ಲೂ ಮುಂದುವರಿದಿರುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿದೆ.

ಇನ್ನು ಶಿಕ್ಷಕಿಯ ಬೆಳವಣಿಗೆ. ಸರ್ಕಾರಿ ಶಾಲೆಗಳ ಮೊದಲ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಆರಂಭವಾಗುವುದನ್ನು ತಾವು ಬಲ್ಲಿರಿ. ನಮ್ಮ ಕಡೆಯ ಕೆಲವು ಯುಕೆಜಿಗಳೂ ಅದೇ ಕ್ರಮವನ್ನು ಹಿಡಿದಿವೆ. ಒಂದು ಮಗು ಸ್ಲೇಟಿನ ಮೇಲೆ ‘ಗರಗಸ’ ಬರೆಯಲು ಹೋಗಿ ‘ರರರಸ’ ಎಂದು ಬರೆಯಿತು. ಹೊಸ ಶಿಕ್ಷಕಿ ಅದನ್ನು ಒರೆಸಿ, ಮತ್ತೆ ತಿದ್ದಿಸಲು ಕೂತರು. ಅನುಭವಸ್ಥೆಯಾದ ಇನ್ನೊಬ್ಬರು ಅವರನ್ನು ತಡೆದು, ಮಗು ಮಾತಿನ ನಾಲ್ಕು ತುಣುಕುಗಳಿಗೆ ಸರಿಯಾಗಿ ನಾಲ್ಕು ಅಕ್ಷರಗಳನ್ನಿಟ್ಟಿದೆ, ‘ಗ’ದ ಕೆಳಬಾಯಿಯನ್ನಷ್ಟೇ ಮುಚ್ಚಿಬಿಟ್ಟಿದೆ ಎಂದು ತೋರಿಸಿದರು. ತಪ್ಪಿನೊಳಗೆ ಮಗುವಿಗೆ ಗೊತ್ತಿರುವುದನ್ನು ಹೀಗೆ ಕಾಣಬಲ್ಲವರನ್ನೇ ನಿಮ್ಮ ಮೂಲಪಠ್ಯವು ‘ಲಿಟರಸಿ ಎಜುಕೇಟರ್’ ಎನ್ನುತ್ತಿರಬೇಕು. ‘ಓದುಬರಹದ ಶಿಕ್ಷಕಿ’ ಎಂದರೆ ಸಾಕು. ‘ಆಗಿ ಬೆಳೆಯುವುದು’ ಇಂಗ್ಲಿಷಿನ ನಡಿಗೆ. ನಮ್ಮಲ್ಲಿ ಕೆಲಸದಲ್ಲಿ ಪಳಗುತ್ತಾರೆ.

ಮೈಸೂರಿನಿಂದ

‘ಓದುಬರಹಶಿಕ್ಷಕಿ’ ಎಂದು ಸಮಾಸ ಮಾಡಿದರೆ ಕನ್ನಡಕ್ಕೆ ಸಂಸ್ಕೃತ ಬೆರೆತು ಅರಿಸಮಾಸವಾಗುತ್ತದೆ. ‘ಓದುಬರಹದ’ ಎಂಬಲ್ಲಿನ ಷಷ್ಠಿಯನ್ನು ಉಳಿಸಿಕೊಂಡರೆ ನನ್ನ ಆಕ್ಷೇಪವಿಲ್ಲ.

ಸಾಗರದಿಂದ

‘ಶಿಕ್ಷಕಿ’ಯಲ್ಲಿ ಶಿಕ್ಷೆಯೂ ಇದೆ. ‘ಕಲಿಸುಗಿತ್ತಿ’ ಎನ್ನಬಹುದಿತ್ತು. ಯಾರೂ ಕೇಳುವುದಿಲ್ಲವೆಂದು ಗೊತ್ತಿದೆ.

ಧಾರವಾಡದಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಓದುಬರಹದ ಶಿಕ್ಷಕಿ’, ‘ಎಳವೆಯ ಓದುಬರಹ’ ಎರಡನ್ನೂ ಉಳಿಸಿಕೊಂಡಿದ್ದೇನೆ. ಸರ್ಕಾರದ ಯೋಜನೆಗಳ ಹೆಸರು ಬರುವ ಕಡೆ ‘ಬುನಾದಿ ಸಾಕ್ಷರತೆ’ಯನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಸಂಭಾಷಣೆಗಳಲ್ಲಿ ‘ಟೀಚರ್’ ಇರುತ್ತದೆ. ‘ಪಳಗು’ ಎಂಬುದು ಆನೆಯನ್ನು ನೆನಪಿಸುತ್ತದೆಂದು ಸಂಪಾದಕರು ಅನುಮಾನಿಸಿದ್ದರಿಂದ ಅಧ್ಯಾಯದ ಹೆಸರನ್ನು ‘ಓದುಬರಹ ಕಲಿಸುವುದರಲ್ಲಿ ನುರಿಯುವುದು’ ಎಂದು ಬದಲಿಸಿದ್ದೇನೆ. ಆಕ್ಷೇಪಗಳಿದ್ದರೆ ಭಾನುವಾರ ಸಂಜೆಯೊಳಗೆ ತಿಳಿಸಿ.